ಅಕ್ಕನ ಬಿಸಿಲು, ಭಾವನ ಮಾತ್ರೆ

ನಮ್ಮ ನೆಂಟರಲ್ಲಿ ಯಾರಿಗೆ ತಲೆ ತಿರುಗಿದರೂ ಮೊದಲು ಫೋನು ಬರುವುದು ನನಗೆ. ನಾನು ಡಾಕ್ಟರಲ್ಲ. ಚಿಕ್ಕಬಳ್ಳಾಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಟೀಚರು. ಕಪ್ಪೆಯ ಹೃದಯಕ್ಕೆ ಮೂರು ಕೋಣೆ ಎಂದು ಬೋರ್ಡಿನ ಮೇಲೆ ಬರೆಯುತ್ತೇನೆ. ಮನುಷ್ಯರ ಹೃದಯದ ವಿಷಯ ಪಠ್ಯದಲ್ಲಿ ಎಷ್ಟಿದೆಯೋ ಅಷ್ಟೇ ಗೊತ್ತು. ಇದನ್ನು ಎಷ್ಟು ಸಲ ಹೇಳಿದರೂ ನಮ್ಮವರು ನಂಬುವುದಿಲ್ಲ. "ಸೈನ್ಸ್ ಓದಿದೀಯಲ್ಲ, ಹೇಳಮ್ಮ" ಅನ್ನುತ್ತಾರೆ. ಹೀಗಾಗಿ ಅಕ್ಕನ ಬಿ.ಪಿ. ವಿಷಯವೂ ಮೊದಲು ನನ್ನ ಕಿವಿಗೇ ಬಿತ್ತು.

ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ನಮ್ಮ ತವರು ತೊಂಡೇಬಾವಿ. ಅಮ್ಮ ಹೊಲಕ್ಕೆ ಹೋದ ಮೇಲೆ ನನ್ನ ತಲೆ ಬಾಚಿ, ಎರಡು ಜಡೆ ಹೆಣೆದು, ಬೆನ್ನಿಗೊಂದು ಗುದ್ದಿ ಸ್ಕೂಲಿಗೆ ಅಟ್ಟುತ್ತಿದ್ದವಳು ಅವಳೇ. ಮದುವೆಯಾಗಿ ಹೋದದ್ದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಗೆ. ಹೆಸರಿಗಷ್ಟೇ ಶಿಡ್ಲಘಟ್ಟ. ಸಂತೆ, ಆಸ್ಪತ್ರೆ, ಬಟ್ಟೆಬರೆ ಎಲ್ಲ ಚಿಂತಾಮಣಿಯದೇ. ಮಾಳಿಗೆ ಹತ್ತಿದರೆ ಅಂಬಾಜಿದುರ್ಗದ ಬೆಟ್ಟ ಕಾಣುತ್ತದೆ. ಆ ಊರಲ್ಲಿ ರೇಷ್ಮೆ ಹುಳು ಸಾಕದ ಮನೆ ಹುಡುಕಬೇಕು. ಅಕ್ಕನ ಮನೆಯಲ್ಲಿ ತೋಟದಿಂದ ಹಿಪ್ಪುನೇರಳೆ ಸೊಪ್ಪು ತರುವುದು ಭಾವನ ಕೆಲಸ, ಒಳಗೆ ಹುಳು ನೋಡುವುದು ಅಕ್ಕನ ಕೆಲಸ.

ಹುಳು ಸಾಕುವ ಮನೆ ಎಂದರೆ ಬಿಸಿಲು ಬೀಳಬಾರದ ಮನೆ. ತಂಪಿರಬೇಕು, ಮಬ್ಬಿರಬೇಕು. ಬೇಸಿಗೆಯಲ್ಲಿ ಗೋಣಿತಾಟು ನೆನೆಸಿ ಸುತ್ತಲೂ ಇಳಿಬಿಡುತ್ತಾರೆ. ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ನಾನು ಸ್ವಂತ ತಂಗಿ, ನನ್ನನ್ನೂ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸುತ್ತಿದ್ದಳು. ಅಲ್ಲಿ ಒಂದು ಕಿಟಕಿ ಇತ್ತು. ಒಂದು ವರ್ಷ ಅದರ ಜಾಲರಿ ಹರಿದು ಊಜಿ ನೊಣ ಒಳಗೆ ನುಗ್ಗಿತು. ಆ ನೊಣ ಹುಳುವಿನ ಮೈಮೇಲೆ ಮೊಟ್ಟೆಯಿಟ್ಟರೆ ಹುಳು ಕೆಟ್ಟಿತು ಎಂದೇ ಅರ್ಥ. ಆ ಸಲದ ಬೆಳೆ ಪೂರ್ತಿ ಹೋಯಿತು. ಭಾವ ಸಿಟ್ಟಿನಲ್ಲಿ ತಾವೇ ಇಟ್ಟಿಗೆ ತಂದು ಕಿಟಕಿಯನ್ನು ಮುಚ್ಚಿಬಿಟ್ಟರು. ಅಂದಿನಿಂದ ಅಕ್ಕನ ಹಗಲೆಲ್ಲ ಒಂದು ಟ್ಯೂಬ್‌ಲೈಟಿನ ಕೆಳಗೆ ಕಳೆಯತೊಡಗಿತು. ಅವಳೇನೂ ಗೊಣಗಲಿಲ್ಲ. "ನೊಣ ಬರಲ್ಲ, ಸದ್ಯ" ಅಂದಳು.

ಕತ್ತಿನ ಹಿಂಭಾಗ ಭಾರ, ಮಂಡಿ ನೋವು, ಮಲಗಿ ಎದ್ದರೂ ಸುಸ್ತು ಎಂದು ಅಕ್ಕ ಫೋನು ಮಾಡಿದಾಗ ನಾನೇ ಬಲವಂತ ಮಾಡಿ ಚಿಂತಾಮಣಿಯ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಭಾವನೂ ಬಂದರು. ಡಾಕ್ಟರು ಹೆಂಗಸು, ಮಾತು ಕಡಿಮೆ, ಆದರೆ ಹೇಳಿದ್ದನ್ನು ಬಿಡಿಸಿ ಹೇಳುತ್ತಿದ್ದರು. ತೋಳಿಗೆ ಪಟ್ಟಿ ಸುತ್ತಿ ನೋಡಿದವರು ಮತ್ತೊಮ್ಮೆ ನೋಡಿದರು. ಬಿ.ಪಿ. ನೂರ ಎಂಬತ್ತು ದಾಟಿತ್ತು. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ ತಳ ಮುಟ್ಟಿತ್ತು.

"ಹೊಲದೋರು ನೀವು, ಬಿಸ್ಲಿಗೇ ಹೋಗಲ್ವಾ?" ಎಂದು ಡಾಕ್ಟರು ಕೇಳಿದರು.

"ಹೊಲಕ್ಕೆ ಅವ್ರು ಹೋಗ್ತಾರೆ. ನಾನು ಹುಳ ಬಿಟ್ಟು ಎಲ್ಲಿ ಬರ್ಲಿ ಮೇಡಂ" ಎಂದಳು ಅಕ್ಕ.

ಭಾವ ಮುಂದೆ ಬಾಗಿ, ಡಿ ಕಡಿಮೆಯಾಗಿದ್ದಕ್ಕೇ ಬಿ.ಪಿ. ಬಂತಾ ಎಂದು ವಿಚಾರಿಸಿದರು. ಡಾಕ್ಟರು ಕೊಟ್ಟ ಉತ್ತರ ನನಗೆ ಚೆನ್ನಾಗಿ ನೆನಪಿದೆ. "ಡಿ ಕಮ್ಮಿ ಇರೋರಲ್ಲಿ ಬಿ.ಪಿ. ಜಾಸ್ತಿ ಕಾಣ್ಸುತ್ತೆ, ನಿಜ. ಅದ್ರಿಂದ್ಲೇ ಇದು ಬಂತು ಅಂತ ಯಾರೂ ಖಾತ್ರಿಯಾಗಿ ಹೇಳಕ್ಕಾಗಲ್ಲ. ಡಿ ಕೊಟ್ಟ ತಕ್ಷಣ ಬಿ.ಪಿ. ಇಳಿಯುತ್ತೆ ಅಂತಾನೂ ಇಲ್ಲ. ಎರಡಕ್ಕೂ ಬೇರೆ ಬೇರೆ ಔಷಧಿ. ವಾರಕ್ಕೊಂದು ಈ ಪುಡಿ ಹಾಲಲ್ಲಿ ಕಲ್ಸಿ ಕುಡೀರಿ, ಸ್ವಲ್ಪ ಬಿಸ್ಲಲ್ಲಿ ಕೂತ್ಕೊಳ್ಳಿ. ಬಿ.ಪಿ. ಮಾತ್ರೆ ಮಾತ್ರ ದಿನಾ ತಗೋಬೇಕು, ಒಂದಿನಾನೂ ಬಿಡಬಾರ್ದು." ಅಷ್ಟೂ ಮಾತಿನಲ್ಲಿ ಅಕ್ಕ ಎತ್ತಿಕೊಂಡದ್ದು ಬಿಸಿಲನ್ನು, ಭಾವ ಎತ್ತಿಕೊಂಡದ್ದು ತಾವು ಮುಚ್ಚಿದ ಕಿಟಕಿಯನ್ನು. ಅವತ್ತು ನಮಗೆ ಯಾರಿಗೂ ಅದು ತಿಳಿಯಲಿಲ್ಲ.

ಅಕ್ಕ ಬಿಸಿಲಿಗೆ ಮನಸಾರೆ ಒಲಿದಳು. ಊಟ ಮುಗಿಸಿ, ಹುಳಕ್ಕೆ ಸೊಪ್ಪು ಹಾಕಿ, ಮಾಳಿಗೆ ಹತ್ತಿ ಕಾಲು ಚಾಚಿ ಕೂರುತ್ತಿದ್ದಳು. ಸೆರಗು ತಲೆಯ ಮೇಲೆ, ತೋಳು ಹೊರಗೆ. ಪಕ್ಕದ ಮನೆಯವರು "ಏನಮ್ಮ, ಸಂಡಿಗೆ ಮುಗೀತಾ, ಈಗ ನಿನ್ನನ್ನೇ ಒಣಗಾಕ್ಕೊಂಡಿದೀಯಾ?" ಎಂದು ಕೆಳಗಿನಿಂದ ಕೂಗಿದರೆ, "ಬಿಸ್ಲು ಪುಕ್ಸಟ್ಟೆ ಕಣಮ್ಮ, ನೀನೂ ಬಾ" ಎಂದು ಕರೆಯುತ್ತಿದ್ದಳಂತೆ. ಹುಡುಗಿಯಾಗಿದ್ದಾಗ ಕಪ್ಪಾಗುತ್ತೇನೆಂದು ಕೊಡೆ ಇಲ್ಲದೆ ರೈಲ್ವೆ ಸ್ಟೇಷನ್ ತನಕವೂ ಹೋಗದವಳು. ಮಂಡಿ ನೋವು ಸ್ವಲ್ಪ ತಗ್ಗಿತು. ಮುಖದಲ್ಲೂ ಏನೋ ಕಳೆ ಬಂತು. ಬಿಸಿಲಲ್ಲಿ ಕೂತವಳಿಗೆ ಕಣ್ಣು ಮುಚ್ಚಿಕೊಂಡು ಸುಮ್ಮನಿರಲು ಯಾರ ಅಪ್ಪಣೆಯೂ ಬೇಕಿರಲಿಲ್ಲ, ಡಾಕ್ಟರೇ ಹೇಳಿದ್ದರಲ್ಲ. ನನಗೆ ಈಗಲೂ ಅನ್ನಿಸುವುದು, ಅವಳ ಸಂಸಾರದಲ್ಲಿ ಅವಳಿಗೆಂದೇ ಸಿಕ್ಕ ಸಮಯ ಅದೊಂದೇ.

ಎಡವಟ್ಟಾದದ್ದು ಮಾತ್ರೆಯಲ್ಲಿ. ಅದು ಅರ್ಥವಾಗಬೇಕಾದರೆ ಹುಳುವಿನ ಒಂದು ವಿಷಯ ಹೇಳಬೇಕು. ರೇಷ್ಮೆ ಹುಳು ಬೆಳೆಯುತ್ತಾ ಬೆಳೆಯುತ್ತಾ ನಾಲ್ಕು ಸಲ ಚರ್ಮ ಕಳಚುತ್ತದೆ. ಆಗ ತಲೆಯೆತ್ತಿಕೊಂಡು ಅಲ್ಲಾಡದೆ ಕೂತುಬಿಡುತ್ತದೆ. ಅದಕ್ಕೆ ಜ್ವರಕ್ಕೆ ಕೂತಿದೆ ಅನ್ನುತ್ತಾರೆ. ಹಾಗೆ ಕೂತಾಗ ಸೊಪ್ಪು ಹಾಕಬಾರದು, ಮುಟ್ಟಬಾರದು, ಒಂದಿಷ್ಟು ಸುಣ್ಣದ ಪುಡಿ ಉದುರಿಸಿ ಬಿಟ್ಟುಬಿಡಬೇಕು. ಅವಸರಪಟ್ಟು ಸೊಪ್ಪು ಹಾಕಿದರೆ ಬೆಳೆ ಏರುಪೇರಾಗುತ್ತದೆ. ಜ್ವರ ಎದ್ದ ಮೇಲೆ ಹಾಕಿದರೆ ಗಬಗಬ ತಿನ್ನುತ್ತದೆ. ಯಾವಾಗ ನಿಲ್ಲಿಸಬೇಕು, ಯಾವಾಗ ಮತ್ತೆ ಹಾಕಬೇಕು ಎನ್ನುವುದರಲ್ಲೇ ಒಬ್ಬ ಸಾಕಣೆಗಾರಳ ಹೆಚ್ಚುಗಾರಿಕೆ. ಅಕ್ಕ ಅದರಲ್ಲಿ ಊರಿಗೇ ಹೆಸರುವಾಸಿ. ಬೇರೆ ಮನೆಯವರು ಬಂದು "ಅಕ್ಕಾ, ನಮ್ಮ ಹುಳ ಎದ್ದೈತಾ ನೋಡು" ಎಂದು ಕರೆದುಕೊಂಡು ಹೋಗುತ್ತಿದ್ದರು.

ಬಿ.ಪಿ. ಮಾತ್ರೆ ಶುರುವಾದ ಮೇಲೆ ಅಕ್ಕನಿಗೆ ಆಗಾಗ ಮೈ ಜೋಲುತ್ತಿತ್ತು, ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತಿತ್ತು. ಏರಿದ್ದು ಇಳಿಯುವಾಗ ಹಾಗಾಗುವುದುಂಟು, ಬಂದು ಹೇಳಿದರೆ ಮಾತ್ರೆ ಬದಲಿಸುತ್ತೇನೆ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಅಕ್ಕ ಡಾಕ್ಟರಿಗೆ ಹೇಳಲಿಲ್ಲ. ತನಗೆ ಗೊತ್ತಿದ್ದ ವಿದ್ಯೆಯನ್ನೇ ತನ್ನ ಮೈಗೂ ಹಚ್ಚಿದಳು. ಮೈ ಜೋತಾಗ ದೇಹ ಜ್ವರಕ್ಕೆ ಕೂತಿದೆ ಎಂದುಕೊಂಡು ಮಾತ್ರೆ ನಿಲ್ಲಿಸುವುದು, ಹಗುರಾದಾಗ ಮತ್ತೆ ತೆಗೆದುಕೊಳ್ಳುವುದು. ಪುಡಿ ಮತ್ತು ಬಿಸಿಲು ಮಾತ್ರ ತಪ್ಪಿಸುತ್ತಿರಲಿಲ್ಲ.

ಇದನ್ನು ಅವಳು ಮುಚ್ಚಿಡಲಿಲ್ಲ. ದೀಪಾವಳಿಗೆ ನಮ್ಮ ಮನೆಗೆ ಬಂದಾಗ ಕಜ್ಜಾಯ ಕರಿಯುತ್ತಾ ಹೆಮ್ಮೆಯಿಂದಲೇ ಹೇಳಿದಳು. ನನಗೆ ಮೈ ಉರಿದುಹೋಯಿತು.

"ನೀನೇನು ಹುಳಾನಾ ಅಕ್ಕ?"

"ಹುಳಕ್ಕಿಂತ ಮೇಲಾ ನಾನು? ಅದಕ್ಕೂ ಹೊಟ್ಟೆ, ನನಗೂ ಹೊಟ್ಟೆ."

"ಬಿ.ಪಿ. ಏರಿ ತಲೇಲಿ ನರ ಒಡೆದ್ರೆ ಏನ್ ಮಾಡ್ತೀಯಾ?"

"ಈಗ ಡಿ ಐತಲ್ಲೇ ಮೈಯಲ್ಲಿ. ಅದು ನೋಡ್ಕೊಳ್ತೈತೆ ಬಿಡು. ಕಜ್ಜಾಯ ಸೀದೋಯ್ತು, ತಿರುಗ್ಸು."

ಕಜ್ಜಾಯ ತಿರುಗಿಸಿದೆ. ಆಮೇಲೆ ಡಾಕ್ಟರಿಗೂ ಹೇಳಿದೆ, ಭಾವನಿಗೂ ಹೇಳಿದೆ. ಡಾಕ್ಟರು ಅವಳನ್ನು ಕರೆಸಿ ಎದುರಿಗೆ ಕೂರಿಸಿಕೊಂಡು ಬೈದರು. ಎರಡನೇ ಪರೀಕ್ಷೆಯಲ್ಲಿ ಡಿ ಮೇಲೆ ಬಂದಿತ್ತು, ಬಿ.ಪಿ. ಇನ್ನೂ ಏರಿಯೇ ಇತ್ತು. ಆ ಎರಡೂ ಅಂಕಿಗಳನ್ನು ಪಕ್ಕಪಕ್ಕದಲ್ಲಿ ತೋರಿಸಿ "ನೋಡಿ ಅಮ್ಮ, ಬಿಸ್ಲು ತನ್ನ ಕೆಲ್ಸ ಮಾಡಿದೆ. ಇದು ಅದ್ರ ಕೆಲ್ಸ ಅಲ್ಲ" ಎಂದರು. ಮಾತ್ರೆಯನ್ನೂ ಬೇರೆ ಬರೆದುಕೊಟ್ಟರು. ಅಕ್ಕ ಒಳ್ಳೆಯ ವಿದ್ಯಾರ್ಥಿಯ ಹಾಗೆ ತಲೆಯಾಡಿಸಿದಳು. ಕೆಲವು ತಿಂಗಳು ಸರಿಯಾಗಿಯೇ ತೆಗೆದುಕೊಂಡಳು. ಭಾವ ಎದುರಿಗೆ ನಿಂತು ನುಂಗಿಸುತ್ತಿದ್ದರು.

ಬೇಸಿಗೆಯ ದೊಡ್ಡ ಬೆಳೆ ಬಂತು. ಹುಳು ಕೊನೆಯ ಜ್ವರ ಎದ್ದಿತ್ತು. ಆ ಹಂತದಲ್ಲಿ ಹುಳು ತಿನ್ನುವ ಸದ್ದು ಹೆಂಚಿನ ಮೇಲೆ ಮಳೆ ಬಿದ್ದ ಹಾಗೆ ಕೇಳುತ್ತದೆ. ಸೊಪ್ಪು ತಂದಷ್ಟೂ ಸಾಲದು. ಭಾವ ತೋಟದಿಂದ ಮನೆಗೆ ಬರುವುದೇ ಹೊರೆ ಇಳಿಸುವುದಕ್ಕೆ. ಅಕ್ಕ ಊಟ, ನಿದ್ದೆ ಎಲ್ಲ ಹುಳುಮನೆಯಲ್ಲೇ. ಆ ನಡುವೆ ಮೈ ಜೋತಿತಂತೆ. ಎದುರಿಗೆ ನಿಂತು ನುಂಗಿಸುವವರಿರಲಿಲ್ಲ, ಮಾತ್ರೆ ನಿಲ್ಲಿಸಿದಳು. ಬಿಸಿಲಿಗೂ ಹೋಗಲಾಗಲಿಲ್ಲ. ಒಂದು ಮಧ್ಯಾಹ್ನ ಭಾವ ಹೊರೆ ಇಳಿಸಿ ಕೂಗಿದರೆ ಉತ್ತರವಿಲ್ಲ. ಒಳಗೆ ಹೋಗಿ ನೋಡಿದರೆ ಅಕ್ಕ ಹುಳುವಿನ ತಟ್ಟೆ ಜೋಡಿಸಿದ ಎರಡು ಸ್ಟ್ಯಾಂಡುಗಳ ನಡುವೆ ಬಿದ್ದಿದ್ದಳು, ಬಾಯಿ ಒಂದು ಕಡೆಗೆ ವಾಲಿತ್ತು. ಚಿಂತಾಮಣಿಗೆ, ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ತಲೆಯಲ್ಲಿ ರಕ್ತಸ್ರಾವ ಎಂದರು. ನಾನು ಹೋಗಿ ಕೈ ಹಿಡಿದಾಗ ಆ ಕೈಗೆ ನಾನು ಹಿಡಿದದ್ದು ತಿಳಿಯಲಿಲ್ಲ. ಮಾರನೆಯ ದಿನ ಹೋಗಿಬಿಟ್ಟಳು.

ಮಣ್ಣು ಮಾಡಿ ಬಂದ ಮೇಲೂ ಹುಳು ತಿನ್ನುತ್ತಲೇ ಇತ್ತು. ಎಂದೂ ಒಳಗೆ ಕಾಲಿಡದಿದ್ದ ಊರ ಹೆಂಗಸರು ಸೆರಗು ಸಿಕ್ಕಿಸಿಕೊಂಡು ಒಳಗೆ ನುಗ್ಗಿ ಸೊಪ್ಪು ಹಾಕಿದರು, ಹಣ್ಣಾದ ಹುಳುಗಳನ್ನು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟರು. ಗೂಡು ಬಹಳ ಚೆನ್ನಾಗಿ ಬಂತು. ಬೆಳ್ಳಗೆ, ಗಟ್ಟಿಯಾಗಿ, ಒಂದೂ ಕೆಟ್ಟಿರಲಿಲ್ಲ. ನೋಡಿ ನನಗೆ ಅಸಹ್ಯವಾಯಿತು. ಆ ಅಸಹ್ಯವೊಂದನ್ನು ಬಿಟ್ಟರೆ ನನಗೆ ಬೇರೇನೂ ಅನ್ನಿಸಲಿಲ್ಲ. ಬಂದವರು ತಬ್ಬಿಕೊಂಡು ಅತ್ತರು, ನಾನು ಅವರ ಬೆನ್ನು ಸವರಿದೆ. ಸ್ಕೂಲಿಗೆ ಹೋದೆ, ಪಾಠ ಮಾಡಿದೆ, ಉತ್ತರ ಪತ್ರಿಕೆ ತಿದ್ದಿದೆ. ಕಾಲು ಮಡಿಸಿ ಕೂತು ಜೋಮು ಹಿಡಿದಾಗ ಕಾಲು ನಮ್ಮದೇ ಆದರೂ ಯಾರದೋ ಅನ್ನಿಸುತ್ತದಲ್ಲ, ನನ್ನ ಇಡೀ ದಿನ ಹಾಗಿತ್ತು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ರುಚಿ ನೋಡಿದರೂ ಗೊತ್ತಾಗುತ್ತಿರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕನ ಮಗಳು ಫೋನು ಮಾಡಿದಳು. ಅವಳನ್ನು ಗೌರಿಬಿದನೂರಿಗೆ ಕೊಟ್ಟಿದೆ. ಅಪ್ಪನನ್ನು ನೋಡಿಕೊಳ್ಳಲು ಬಂದು ಉಳಿದಿದ್ದಳು. "ಚಿಕ್ಕಮ್ಮ, ಅಪ್ಪಂಗೂ ಬಿ.ಪಿ. ಬಂದೈತೆ. ಅಮ್ಮಂಗಿದ್ದಷ್ಟೇ ಐತಂತೆ. ಮಾತ್ರೆ ಕೊಟ್ರೆ ಮುಟ್ತಾ ಇಲ್ಲ. ಗಾರೆಯವನ್ನ ಕರ್ಸಿ ಹುಳುಮನೆ ಗೋಡೆ ಒಡೆಸ್ತಾವ್ರೆ. ನೀನು ಬಂದು ಹೇಳು, ನಿನ್ನ ಮಾತು ಕೇಳ್ತಾರೆ" ಎಂದು ಅತ್ತಳು. ನನ್ನ ಮಾತು ಯಾರು ಯಾವಾಗ ಕೇಳಿದ್ದಾರೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಭಾನುವಾರ ಬಸ್ಸು ಹತ್ತಿದೆ.

ನಾನು ಹೋಗುವ ಹೊತ್ತಿಗೆ ಗೋಡೆ ಒಡೆದಾಗಿತ್ತು. ಗಾರೆಯವನು ಹೊಸ ಚೌಕಟ್ಟು ನಿಲ್ಲಿಸಿ ಊಟಕ್ಕೆ ಹೋಗಿದ್ದ. ಹುಳುಮನೆ ಖಾಲಿ. ಭಾವ ಬೆಳೆಯನ್ನೇ ನಿಲ್ಲಿಸಿದ್ದರು. ಕಿಟಕಿಯಿಂದ ಬಿಸಿಲು ಬಂದು ನೆಲದ ಮೇಲೆ ಬಿದ್ದಿತ್ತು, ಅದರಲ್ಲಿ ಭಾವ ಅಂಗಿ ಬಿಚ್ಚಿ ಕೂತಿದ್ದರು. ಮಾತ್ರೆಯ ಕವರು ಪಕ್ಕದಲ್ಲೇ ಇತ್ತು, ಒಡೆದಿರಲಿಲ್ಲ. ಊರವರು ಬಾಗಿಲಲ್ಲೇ ನನಗೆ ಹೇಳಿದ್ದರು: ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು.

"ಬಾಮ್ಮ, ಕೂತ್ಕೋ. ಇಲ್ಲಿ ಕೂತ್ಕೊಂಡ್ರೆ ಡಿ ಬರ್ತೈತೆ" ಎಂದರು.

ನಾನು ಕೂತೆ. ಡಾಕ್ಟರ್ ಮೇಡಂ ಹೇಳಿದ್ದು ನೆನಪಿದೆಯಾ ಎಂದು ಕೇಳಿದೆ.

"ಐತೆ. ಬಿಸ್ಲಿಲ್ಲದೋರಿಗೆ ಡಿ ಇರಲ್ಲ, ಡಿ ಇಲ್ಲದೋರಿಗೆ ಬಿ.ಪಿ. ಏರ್ತೈತೆ. ಕಿಟಕಿ ಮುಚ್ಚಿದ್ದು ನಾನು."

"ಅದ್ರಿಂದ್ಲೇ ಅಂತ ಅವ್ರು ಹೇಳ್ಲಿಲ್ಲ ಭಾವ. ಗೊತ್ತಿಲ್ಲ ಅಂದ್ರು. ಮಾತ್ರೆ ಬಿಡಬೇಡಿ ಅಂತ ಮಾತ್ರ ಗೊತ್ತಿದ್ದು ಹೇಳಿದ್ರು."

ಭಾವ ನನ್ನ ಕಡೆ ತಿರುಗಿದರು. ಮುಖ ಕೆಂಪಾಗಿತ್ತು, ಬಿಸಿಲಿಗೋ ಬಿ.ಪಿ.ಗೋ.

"ನೀನು ಓದಿರೋಳು. ಒಂದು ಮಾತು ಹೇಳಿಬಿಡು. ಕಿಟಕಿ ಇದ್ದಿದ್ರೆ ಬದುಕ್ತಿದ್ಲು ಅಂತ. ತಪ್ಪು ನಂದಾಗ್ಲಿ. ಊರೋರು ಏನಂತಾರೆ ಗೊತ್ತಾ? ಮಾತ್ರೆ ಬಿಟ್ಟು ಸತ್ಲು, ದಡ್ಡಿ ಅಂತಾರೆ. ಇವರ ಮನೆ ಹುಳ ಎಲ್ಲ ನೋಡಿದೋಳು ಅವಳು. ಅವಳು ದಡ್ಡೀನಾ?"

"ಅಲ್ಲ ಭಾವ."

"ಮತ್ತೆ ಈ ಮಾತ್ರೆ ನಾನು ಹೆಂಗೆ ನುಂಗ್ಲಿ? ನುಂಗಿ ನಾನು ಬದುಕಿಬಿಟ್ರೆ, ನುಂಗದೆ ಅವಳು ಸತ್ಲು ಅಂತ ನಾನೇ ಸಾಕ್ಷಿ ಹೇಳ್ದಂಗಾಗಲ್ವೇನಮ್ಮ?"

ಅಲ್ಲಿಯ ತನಕ ಅವರು ಮೊಂಡುತನ ಮಾಡುತ್ತಿದ್ದಾರೆ ಎಂದುಕೊಂಡಿದ್ದೆವು. ಹೆಂಡತಿಯ ಮಾನ ಕಾಯುತ್ತಾ ಕೂತಿದ್ದರು ಈ ಮನುಷ್ಯ. ಸುಳ್ಳು ಹೇಳಿಬಿಡುವುದು ಸುಲಭವಿತ್ತು. ಕಿಟಕಿಯೇ ಕಾರಣ ಎಂದರೆ ಅವರಿಗೆ ಸಮಾಧಾನ, ಅಕ್ಕನಿಗೆ ಗೌರವ. ಆದರೆ ಆ ಸುಳ್ಳಿನ ಮೇಲೆ ಅವರು ಬಿಸಿಲಲ್ಲಿ ಕೂತೇ ಸಾಯುತ್ತಿದ್ದರು, ಆ ಹುಡುಗಿ ಮತ್ತೊಂದು ಹೆಣ ನೋಡಬೇಕಾಗುತ್ತಿತ್ತು.

"ಅಕ್ಕ ತಪ್ಪು ಮಾಡಿದ್ಲು ಭಾವ" ಎಂದೆ. "ದಡ್ಡತನಕ್ಕಲ್ಲ. ಅವಳಿಗೆ ಒಂದು ವಿದ್ಯೆ ಚೆನ್ನಾಗಿ ಗೊತ್ತಿತ್ತು, ಅದು ಅವಳ ಕೈ ಯಾವತ್ತೂ ಬಿಟ್ಟಿರಲಿಲ್ಲ. ಅದನ್ನ ನಂಬಿದ್ಲು. ಆದ್ರೂ ತಪ್ಪೇ. ಕಿಟಕಿ ಇದ್ದಿದ್ರೆ ಏನಾಗ್ತಿತ್ತೋ ನನಗೆ ಗೊತ್ತಿಲ್ಲ, ಮೇಡಂಗೂ ಗೊತ್ತಿಲ್ಲ. ಮಾತ್ರೆ ತಗೊಂಡಿದ್ರೆ ಇವತ್ತು ಇರ್ತಿದ್ಲೇನೋ. ಅದನ್ನ ನಾನು ಸುಳ್ಳು ಹೇಳಲ್ಲ."

ಅವರು ನನ್ನನ್ನು ನೋಡಿದ ನೋಟಕ್ಕೆ ಎದ್ದು ಹೊಡೆಯುತ್ತಾರೆ ಎಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು ಅನ್ನಿಸಿತು, ಎಲ್ಲಾದರೂ ನೋಯುತ್ತಿತ್ತು. ಅವರು ಹೊಡೆಯಲಿಲ್ಲ. ಹೊರಗೆ ಹೋಗು ಅಂತಲೂ ಅನ್ನಲಿಲ್ಲ. ಕವರು ಎತ್ತಿಕೊಂಡು ಹಿಂದೆಮುಂದೆ ತಿರುಗಿಸಿದರು. ಬಾಗಿಲ ಹೊರಗೆ ಅಕ್ಕನ ಮಗಳು ನೀರಿನ ಲೋಟ ಹಿಡಿದು ನಿಂತಿದ್ದಳು, ಒಳಗೆ ಬರುವ ಧೈರ್ಯವಿಲ್ಲದೆ.

ಭಾವ ಕವರು ಒಡೆದು ಮಾತ್ರೆ ಬಾಯಿಗೆ ಹಾಕಿಕೊಂಡರು. ನೀರು ಕೇಳಲಿಲ್ಲ. ಗಂಟಲಲ್ಲಿ ಅದು ಇಳಿಯುವುದು ನನಗೆ ಕಾಣಿಸಿತು.

"ಈಗ ಸತ್ಲು ನೋಡಮ್ಮ ನಿಮ್ಮಕ್ಕ" ಎಂದರು.

ಆಮೇಲೆ ಗೋಡೆಗೆ ತಲೆ ಒತ್ತಿಕೊಂಡು ದನಿ ತೆಗೆದು ಅತ್ತರು. ನಾನು ಪಕ್ಕದಲ್ಲೇ ಕೂತಿದ್ದೆ, ಸಮಾಧಾನ ಹೇಳಲಿಲ್ಲ. ಹೇಳಬೇಕಾದ ಒಂದು ಮಾತನ್ನು ಹೇಳಿ ಆಗಿತ್ತು.